ಕರ್ನಾಟಕದ ಗಣಿ ಮತ್ತು ಭೂವಿಜ್ಞಾನ ಇಲಾಖೆ: ಕಾನೂನಿನ ನೆಲೆ ಮತ್ತು ವಕೀಲಿಕೆ

ಕರ್ನಾಟಕದಲ್ಲಿ ಖನಿಜ ಅನ್ವೇಷಣೆ, ಗಣಿ ಗುತ್ತಿಗೆ, ರಾಜಧನ ವಸೂಲಿ ಮತ್ತು ಅಕ್ರಮ ಗಣಿಗಾರಿಕೆಯ ತಡೆ ಈ ನಾಲ್ಕು ಕೆಲಸಗಳನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆ. ಕೇಂದ್ರ ಕಚೇರಿ ಬೆಂಗಳೂರಿನ ಖನಿಜ ಭವನದಲ್ಲಿದೆ. ಜಿಲ್ಲೆಗಳಲ್ಲಿ ಉಪನಿರ್ದೇಶಕರು ಅಥವಾ ಹಿರಿಯ ಭೂವಿಜ್ಞಾನಿಗಳು ಮುಖ್ಯಸ್ಥರಾಗಿರುತ್ತಾರೆ. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಾಗಿ ಹುಟ್ಟಿದ್ದು ಶಿಲೆಗಳನ್ನು ಗುರುತಿಸಿ ನಕ್ಷೆ ಬರೆಯುವುದಕ್ಕೆ. ಗುತ್ತಿಗೆ, ದಂಡ, ಜಪ್ತಿ, ಮೊಕದ್ದಮೆಗಳು ಒಂದೊಂದಾಗಿ ಆಮೇಲೆ ಬಂದು ಸೇರಿದವು. ಇಲಾಖೆಯ ರಚನೆ ಮತ್ತು ಕರ್ತವ್ಯಗಳನ್ನು ಒಂದೇ ಕಡೆ ಹೇಳುವ ರಾಜ್ಯ ಶಾಸನವಿಲ್ಲ. ಅದರ ಅಧಿಕಾರಗಳು ಕೇಂದ್ರ ಕಾಯ್ದೆ, ಅದರಡಿಯ ರಾಜ್ಯ ನಿಯಮಗಳು, ಸರ್ಕಾರಿ ಆದೇಶಗಳು ಮತ್ತು ನ್ಯಾಯಾಲಯದ ತೀರ್ಪುಗಳಲ್ಲಿ ಹರಡಿಕೊಂಡಿವೆ. ಈ ಲೇಖನದಲ್ಲಿ ಇಲಾಖೆಯ ವೈಜ್ಞಾನಿಕ ಸಾಧನೆಗಿಂತ ಅದರ ಕಾನೂನಿನ ನೆಲೆ, ಆ ಕಾನೂನು ಬದಲಾದ ಬಗೆ ಮತ್ತು ನ್ಯಾಯಾಲಯದಲ್ಲಿ ಇಲಾಖೆಯ ಪರವಾಗಿ ವಾದಿಸುವವರ ವ್ಯವಸ್ಥೆಗೆ ಹೆಚ್ಚಿನ ಜಾಗ ಕೊಡಲಾಗಿದೆ.

ಸಂಸ್ಥಾನದ ಕಾಲ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 1851ರಲ್ಲಿ ಆರಂಭವಾಯಿತು. ಅಲ್ಲಿ 1858ರಿಂದ 1891ರವರೆಗೆ ದುಡಿದು, ದಕ್ಷಿಣದ ಧಾರವಾಡ ಶಿಲಾವರ್ಗವನ್ನು ಗುರುತಿಸಿ ಹೆಸರಿಟ್ಟ ರಾಬರ್ಟ್ ಬ್ರೂಸ್ ಫೂಟ್ ನಿವೃತ್ತಿಯ ನಂತರ ಬರೋಡಾ ಸಂಸ್ಥಾನದಲ್ಲಿ ಕೆಲಸ ಮಾಡಿ, 1894ರಲ್ಲಿ ಮೈಸೂರಿನ ಹೊಸ ಇಲಾಖೆಯ ಮೊದಲ ಮುಖ್ಯಸ್ಥರಾದರು. ಕೋಲಾರದ ಚಿನ್ನದ ಗಣಿಗಳು ಆಗಲೇ ಲಾಭದಲ್ಲಿದ್ದವು. ಅಂಥದೇ ಚಿನ್ನದ ಎಳೆ ಸಂಸ್ಥಾನದಲ್ಲಿ ಇನ್ನೆಲ್ಲಿದೆ ಎಂದು ತಿಳಿಯುವ ಆಸೆ ಇಲಾಖೆಯ ಹುಟ್ಟಿನ ಹಿಂದೆ ಇತ್ತು.

ಫೂಟ್ ನಂತರ ಬಂದ ಡಬ್ಲ್ಯು. ಎಫ್. ಸ್ಮೀತ್ ಸಂಸ್ಥಾನದ ಭೂವಿಜ್ಞಾನಿಯೂ ಹೌದು, ಗಣಿಗಳ ಮುಖ್ಯ ತಪಾಸಕರೂ ಹೌದು. ಈ ಜೋಡಿ ಹುದ್ದೆ ಗಮನಿಸಬೇಕಾದದ್ದು. ಶಿಲೆಯ ಬಗ್ಗೆ ಅಭಿಪ್ರಾಯ ಹೇಳುವವನೂ ಗಣಿಯ ಮಾಲೀಕನಿಗೆ ನೋಟಿಸು ಕೊಡುವವನೂ ಒಬ್ಬನೇ ಆಗಿದ್ದ. ಇಂದಿನ ಇಲಾಖೆ ಎದುರಿಸುವ ಹಲವು ಇಕ್ಕಟ್ಟುಗಳ ಬೇರು ಅಲ್ಲೇ ಇದೆ ಎಂದರೆ ಹೆಚ್ಚೇನೂ ತಪ್ಪಾಗದು. 1916ರಲ್ಲಿ ಪ್ರಕಟವಾದ ಸ್ಮೀತ್ ಅವರ ಮೈಸೂರಿನ ಭೂವೈಜ್ಞಾನಿಕ ಇತಿಹಾಸದ ರೂಪರೇಖೆ, ಸ್ಮೀತ್ ಮತ್ತು ಪಿ. ಸಂಪತ್ ಅಯ್ಯಂಗಾರ್ ಸೇರಿ ಬರೆದ ಖನಿಜ ಸಂಪತ್ತಿನ ವರದಿ, ಮುಂದೆ ಬಿ. ರಾಮರಾವ್ ಅವರ ಕೆಲಸ, ಇವು ಇವತ್ತಿಗೂ ಆಕರಗಳೇ. ಲಾಲ್‌ಬಾಗಿನ ಬಂಡೆಗೆ ಪರ್ಯಾಯದ್ವೀಪ ನೈಸ್ ಎಂಬ ಹೆಸರು ನಿಂತದ್ದು ಸ್ಮೀತ್ ಅವರಿಂದ.

1937ರಲ್ಲಿ ಇಲಾಖೆ ಸೇರಿದ ಬಿ. ಪಿ. ರಾಧಾಕೃಷ್ಣ 1965ರಿಂದ 1974ರವರೆಗೆ ನಿರ್ದೇಶಕರಾಗಿದ್ದರು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಇಲಾಖೆಯ ವ್ಯಾಪ್ತಿಗೆ ಮುಂಬಯಿ, ಹೈದರಾಬಾದ್, ಮದ್ರಾಸ್ ಮತ್ತು ಕೊಡಗಿನ ಕಂದಾಯ ದಾಖಲೆಗಳಿದ್ದ ನೆಲ ಬಂದು ಸೇರಿತ್ತು. ಬಳ್ಳಾರಿ 1953ರಲ್ಲೇ ಬಂದಿತ್ತು. ಒಂದೊಂದು ಭಾಗದಲ್ಲಿ ಒಂದೊಂದು ಬಗೆಯ ಸರ್ವೆ, ಒಂದೊಂದು ಬಗೆಯ ಹಕ್ಕು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 70ನೆಯ ಪ್ರಕರಣ, ಸರ್ಕಾರದ ಮಂಜೂರಾತಿಯಲ್ಲಿ ಬೇರೆ ಮಾತಿಲ್ಲದಿದ್ದರೆ ಗಣಿ ಮತ್ತು ಖನಿಜಗಳ ಹಕ್ಕು ರಾಜ್ಯ ಸರ್ಕಾರದ್ದೇ ಎಂದು ಹೇಳಿ ಈ ಗೊಂದಲವನ್ನು ಬಹುಮಟ್ಟಿಗೆ ಮುಗಿಸಿತು. ಪೂರ್ತಿ ಮುಗಿಸಿತು ಎನ್ನುವಂತಿಲ್ಲ. ಹಳೆಯ ಮದ್ರಾಸ್ ಪ್ರಾಂತ್ಯದ ಮಲಬಾರಿನ ಜನ್ಮಿ ಭೂಮಿಗಳ ಬಗ್ಗೆ 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೆಲದಡಿಯ ಖನಿಜ ಸಾಮಾನ್ಯವಾಗಿ ನೆಲದ ಒಡೆಯನದೇ, ಕಾನೂನಿನ ಮೂಲಕ ಕಸಿದುಕೊಂಡಿದ್ದರೆ ಮಾತ್ರ ಅಲ್ಲ ಎಂದು ಹೇಳಿತು. 70ನೆಯ ಪ್ರಕರಣ ಇಲ್ಲದ ರಾಜ್ಯಗಳಿಗೆ ಈ ತೀರ್ಪು ತಟ್ಟಿದಷ್ಟು ಕರ್ನಾಟಕಕ್ಕೆ ತಟ್ಟಲಿಲ್ಲ.

ಸಂವಿಧಾನದ ಪಟ್ಟಿಗಳು ಮತ್ತು 1957ರ ಕಾಯ್ದೆ

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೇಂದ್ರದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ಹೆಸರು ಹಿಡಿದು ಜಾಗ ಕೊಡಲಾಗಿದೆ: ಕೇಂದ್ರ ಪಟ್ಟಿಯ 68ನೆಯ ನಮೂದು. ರಾಜ್ಯಗಳ ಭೂವಿಜ್ಞಾನ ಇಲಾಖೆಗಳಿಗೆ ಅಂಥ ನಮೂದಿಲ್ಲ. ರಾಜ್ಯ ಪಟ್ಟಿಯ 23ನೆಯ ನಮೂದು ಗಣಿ ಮತ್ತು ಖನಿಜಗಳ ನಿಯಂತ್ರಣವನ್ನು ರಾಜ್ಯಕ್ಕೆ ಕೊಡುತ್ತದೆ. ಆದರೆ ಕೇಂದ್ರ ಪಟ್ಟಿಯ 54ನೆಯ ನಮೂದಿನಡಿ ಸಂಸತ್ತು ಎಷ್ಟರಮಟ್ಟಿಗೆ ನಿಯಂತ್ರಣವನ್ನು ತನ್ನ ಕೈಗೆ ತೆಗೆದುಕೊಳ್ಳುತ್ತದೋ ಅಷ್ಟರಮಟ್ಟಿಗೆ ರಾಜ್ಯದ ಅಧಿಕಾರ ಕರಗುತ್ತದೆ. 1958ರ ಜೂನ್ 1ರಿಂದ ಜಾರಿಗೆ ಬಂದ 1957ರ ಗಣಿ ಮತ್ತು ಖನಿಜಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯಲ್ಲಿ ಸಂಸತ್ತು ಹೆಚ್ಚು ಕಡಿಮೆ ಎಲ್ಲವನ್ನೂ ತೆಗೆದುಕೊಂಡಿತು. ರಾಜ್ಯದ ಕೈಯಲ್ಲಿ ಉಳಿದದ್ದು 15ನೆಯ ಪ್ರಕರಣದಡಿ ಉಪಖನಿಜಗಳ ಬಗ್ಗೆ ನಿಯಮ ಮಾಡುವ ಅಧಿಕಾರ: ಕಟ್ಟಡ ಕಲ್ಲು, ಗ್ರಾವೆಲ್, ಸಾಮಾನ್ಯ ಜೇಡಿ, ಸಾಮಾನ್ಯ ಮರಳು ಮತ್ತು ಕೇಂದ್ರ ಅಧಿಸೂಚನೆಯ ಮೂಲಕ ಸೇರಿಸುವ ಇತರೆ. 2015ರ ಫೆಬ್ರವರಿಯಲ್ಲಿ ಇನ್ನೂ 31 ಖನಿಜಗಳು ಈ ಪಟ್ಟಿಗೆ ಬಂದವು.

ಇಷ್ಟರ ನಡುವೆ ಇಲಾಖೆಯನ್ನು ಒಂದು ಸಂಸ್ಥೆಯಾಗಿ ಗುರುತಿಸುವ ಸಾಲು ಕಾಯ್ದೆಯ 4ನೆಯ ಪ್ರಕರಣದ ಒಂದು ಪರಂತುಕದಲ್ಲಿದೆ. ಪರವಾನಗಿ ಇಲ್ಲದೆ ಯಾರೂ ಖನಿಜ ಶೋಧ ನಡೆಸಬಾರದು ಎಂಬ ನಿಷೇಧದಿಂದ ಕೇಂದ್ರ ಸರ್ವೇಕ್ಷಣ ಸಂಸ್ಥೆ, ಭಾರತೀಯ ಗಣಿ ಬ್ಯೂರೊ, ಅಣು ಖನಿಜ ನಿರ್ದೇಶನಾಲಯ ಇವುಗಳ ಜೊತೆಗೆ ರಾಜ್ಯಗಳ ಗಣಿ ಮತ್ತು ಭೂವಿಜ್ಞಾನ ನಿರ್ದೇಶನಾಲಯಗಳಿಗೂ ವಿನಾಯಿತಿ ಇದೆ. ಅವುಗಳ ಹೆಸರು ಯಾವುದೇ ಇರಲಿ ಎಂಬ ಮಾತೂ ಅಲ್ಲಿದೆ. ಶತಮಾನ ದಾಟಿದ ಇಲಾಖೆಯೊಂದಕ್ಕೆ ಶಾಸನ ಕೊಟ್ಟ ಮಾನ್ಯತೆ ಇಷ್ಟೇ, ಅದೂ ಒಂದು ವಿನಾಯಿತಿಯ ರೂಪದಲ್ಲಿ. ಬಾವಿಯ ಕೊರೆತದ ದಾಖಲೆ, ಶಿಲಾ ಮಾದರಿ, ಹಳೆಯ ನಕ್ಷೆ ಇವನ್ನು ಕಾಯ್ದಿಡುವ ಹೊಣೆ ಯಾರದು ಎಂದು ಹೇಳುವ ಸಾಲು ಅಲ್ಲಿಲ್ಲ.

ನಿಯಮಗಳ ತಿದ್ದುಪಡಿ

ಶಾಸನ ಇಲ್ಲದ ಕಡೆ ಬದಲಾವಣೆ ನಿಯಮದ ಮೂಲಕ ಬರುತ್ತದೆ. ಉಪಖನಿಜಗಳಿಗೆ ಮೊದಲು 1969ರ ನಿಯಮಗಳಿದ್ದವು. ಅವುಗಳ ಜಾಗಕ್ಕೆ ಬಂದದ್ದು 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು. ಅಲಂಕಾರಿಕ ಶಿಲೆಯಂಥ ನಿರ್ದಿಷ್ಟ ಉಪಖನಿಜ ಬೇರೆ, ಜಲ್ಲಿ ಕಲ್ಲಿನಂಥ ಅನಿರ್ದಿಷ್ಟ ಉಪಖನಿಜ ಬೇರೆ ಎಂಬ ವಿಂಗಡಣೆ ಅದರ ಬೆನ್ನೆಲುಬು. 2016ರ ಆಗಸ್ಟ್ ತಿದ್ದುಪಡಿ ಹರಾಜನ್ನು ತಂದಿತು. ಪ್ರತಿ ತಿದ್ದುಪಡಿಯೂ ಹಿಂದಿನದರ ಮೇಲೆ ತೇಪೆಯಂತೆ ಕೂರುತ್ತ ಹೋಗಿದ್ದರಿಂದ, 1994ರ ಮೂಲ ಪ್ರತಿಯನ್ನು ಮಾತ್ರ ಓದಿದವನಿಗೆ ಇವತ್ತಿನ ನಿಯಮ ತಿಳಿಯುವುದಿಲ್ಲ. ಯಾವ ಅರ್ಜಿಗೆ ಯಾವ ದಿನದ ನಿಯಮ ಅನ್ವಯ ಎಂಬುದು ಹೈಕೋರ್ಟಿನಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ.

1999ರಲ್ಲಿ ಸಂಸತ್ತು 1957ರ ಕಾಯ್ದೆಗೆ ಸೇರಿಸಿದ 23ಸಿ ಪ್ರಕರಣ ಅಕ್ರಮ ಗಣಿಗಾರಿಕೆ, ಸಾಗಣೆ ಮತ್ತು ದಾಸ್ತಾನು ತಡೆಯುವ ನಿಯಮಗಳನ್ನು ಮಾಡಲು ರಾಜ್ಯಗಳಿಗೆ ಅಧಿಕಾರ ಕೊಟ್ಟಿತು. ಕರ್ನಾಟಕ ಅದನ್ನು ಬಳಸಿ ನಿಯಮ ಮಾಡಿದ್ದು 2011ರಲ್ಲಿ. ನಡುವಿನ 12 ವರ್ಷಗಳಲ್ಲೇ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿತು, ಬಳ್ಳಾರಿಯ ರಸ್ತೆಗಳಲ್ಲಿ ಲಾರಿಗಳ ಸಾಲು ಹತ್ತಿತು. ರಾಜ್ಯದ ಗಣಿ ಆಡಳಿತದ ಇತಿಹಾಸದಲ್ಲಿ ಇದಕ್ಕಿಂತ ದುಬಾರಿಯಾದ ವಿಳಂಬ ಇನ್ನೊಂದಿಲ್ಲ.

ಅದೇ 2011ರಲ್ಲಿ ರಾಜ್ಯ ಮಾಡಿದ ಕಲ್ಲುಪುಡಿ ಘಟಕಗಳ ನಿಯಂತ್ರಣ ಕಾಯ್ದೆ ಈ ಕ್ಷೇತ್ರದಲ್ಲಿ ರಾಜ್ಯದ್ದೇ ಆದ ಕೆಲವೇ ಶಾಸನಗಳಲ್ಲಿ ಒಂದು. ಕ್ರಷರ್‌ಗಳಿಗೆ ಸುರಕ್ಷಿತ ವಲಯ ಗುರುತಿಸಿ ಪರವಾನಗಿ ಕೊಡುವ ಪ್ರಾಧಿಕಾರಕ್ಕೆ ಅದು ಜಿಲ್ಲಾಧಿಕಾರಿಯನ್ನು ಅಧ್ಯಕ್ಷರನ್ನಾಗಿ ಮಾಡಿತು.

ನಿಯಮದ ಅಕ್ಷರವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಸಂಡೂರು ಮ್ಯಾಂಗನೀಸ್ ಪ್ರಕರಣ ಸಾಕ್ಷಿ. ರಾಜ್ಯ ಸರ್ಕಾರ 2004ರಲ್ಲಿ ಮಾಡಿದ ಗುತ್ತಿಗೆ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2010ರ ಸೆಪ್ಟೆಂಬರಿನಲ್ಲಿ ರದ್ದು ಮಾಡಿತು. ಪ್ರದೇಶ ಅರ್ಜಿಗೆ ತೆರೆದಿದೆ ಎಂಬ ಅಧಿಸೂಚನೆಗೆ ಮೊದಲೇ ಸಲ್ಲಿಸಿದ ಅರ್ಜಿಗಳನ್ನು ಪರಿಗಣಿಸಿದ್ದು ಮತ್ತು 1957ರ ಕಾಯ್ದೆಯ 11ನೆಯ ಪ್ರಕರಣದಲ್ಲಿ ಇಲ್ಲದ ಮಾನದಂಡಗಳನ್ನು ಬಳಸಿದ್ದು ಅದಕ್ಕೆ ಕಾರಣ. ಆ ಪ್ರದೇಶದಲ್ಲಿ ಎಷ್ಟು ಅದಿರಿದೆ, ಅದರ ಗುಣಮಟ್ಟವೇನು ಎಂಬ ಬಗ್ಗೆ ತಕರಾರೇ ಇರಲಿಲ್ಲ. ಬಿದ್ದದ್ದು ಕಡತದ ಟಿಪ್ಪಣಿ.

ಗಡಿ ಮತ್ತು ಗಾತ್ರದ ಅಳತೆ

ಇಲಾಖೆಯ ವಿರುದ್ಧ ಅಥವಾ ಇಲಾಖೆ ಹೂಡಿದ ಮೊಕದ್ದಮೆಗಳಲ್ಲಿ ಕಾನೂನಿನ ಪ್ರಶ್ನೆಗಿಂತ ಅಳತೆಯ ಪ್ರಶ್ನೆಯೇ ಹೆಚ್ಚು ತೊಡಕಿನದು. ಗುತ್ತಿಗೆ ಎಲ್ಲಿ ಮುಗಿಯುತ್ತದೆ? ಗುಂಡಿಯಿಂದ ಎಷ್ಟು ಹೋಗಿದೆ? ಉಳಿದೆಲ್ಲವೂ ಈ ಎರಡರ ಮೇಲೆ ನಿಂತಿವೆ.

ಹಳೆಯ ಗಣಿ ಗುತ್ತಿಗೆಯೊಂದರ ನಕಾಶೆಯನ್ನು ಕೈಗೆತ್ತಿಕೊಂಡರೆ ಕಾಣುವುದು ಒಂದು ಹಾಳೆ, ಅದರ ಮೇಲೆ ಕೈಯಲ್ಲಿ ಎಳೆದ ಬಹುಭುಜ. ಒಂದು ಮೂಲೆಯಿಂದ ಗೆರೆ ಹೊರಟು, ಮೂರು ಗ್ರಾಮಗಳ ಗಡಿ ಕೂಡುವ ಬಾಂದು ಕಲ್ಲಿಗೋ, ದೇವಸ್ಥಾನದ ಮೂಲೆಗೋ, ಬೆಟ್ಟದ ತುದಿಗೋ ಸೇರುತ್ತದೆ. ಗೆರೆಯ ಪಕ್ಕದಲ್ಲಿ ದಿಕ್ಕು ಮತ್ತು ದೂರ ಬರೆದಿರುತ್ತದೆ. ಆ ಬಾಂದು ಕಲ್ಲು ಜಾಗದಲ್ಲಿದ್ದರೆ ಗುತ್ತಿಗೆ ಜಾಗದಲ್ಲಿದೆ. ಕಲ್ಲು ಕಿತ್ತುಹೋಗಿದ್ದರೆ ಇಡೀ ಬಹುಭುಜ ಗುಡ್ಡದ ಮೇಲೆ ತೇಲಲು ಶುರುವಾಗುತ್ತದೆ. ಇನ್ನೊಂದು ತೊಂದರೆ ಬಳ್ಳಾರಿ, ಸಂಡೂರಿಗೆ ವಿಶೇಷವಾದದ್ದು: ಕಬ್ಬಿಣದ ಅದಿರಿನ ಪದರಗಳ ಮೇಲೆ ನಿಂತಾಗ ದಿಕ್ಸೂಚಿಯ ಮುಳ್ಳು ನೆಚ್ಚಿಕೆಗೆ ತಕ್ಕದ್ದಲ್ಲ. ದಿಕ್ಸೂಚಿ ಮತ್ತು ಸರಪಳಿಯಿಂದ ಗುರುತಿಸಿದ ಗೆರೆ ಉಪಗ್ರಹ ಆಧಾರಿತ ಅಳತೆಯ ಗೆರೆಯ ಮೇಲೆ ಹೊಂದಿ ಕೂರದಿದ್ದರೆ ಅದನ್ನು ಕೂಡಲೇ ಒತ್ತುವರಿ ಎನ್ನಲಾಗದು. ಪ್ರಾಮಾಣಿಕ ಅಳತೆಯೇ ತಪ್ಪಿರಬಹುದು. ಅದೇ ಸಂದೇಹದ ಮರೆಯಲ್ಲಿ ನಿಜವಾದ ಒತ್ತುವರಿಯೂ ಬಚ್ಚಿಟ್ಟುಕೊಳ್ಳಬಹುದು. ಕಂದಾಯ ಇಲಾಖೆಯ ಹಳೆಯ ಟಿಪ್ಪಣಿ ಮತ್ತು ಗ್ರಾಮನಕ್ಷೆ, ಅರಣ್ಯ ಇಲಾಖೆಯ ಗಡಿ ಅಧಿಸೂಚನೆ, ಗಣಿ ಇಲಾಖೆಯ ನಕಾಶೆ ಈ ಮೂರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ಆದವು.

ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು 2008ರ ಡಿಸೆಂಬರ್ ಮತ್ತು 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ವರದಿಗಳನ್ನು ಕೊಟ್ಟರು. ಎರಡನೆಯದು ಬೊಕ್ಕಸಕ್ಕೆ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು. ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರಿನಲ್ಲಿ ಕಬ್ಬಿಣದ ಗಣಿಗಾರಿಕೆ ನಿಲ್ಲಿಸಿತು. ಅದೇ ನ್ಯಾಯಾಲಯ ರಚಿಸಿದ್ದ ಕೇಂದ್ರ ಉನ್ನತಾಧಿಕಾರ ಸಮಿತಿಯ ಕೆಳಗೆ ಜಂಟಿ ತಂಡಗಳು ಗುಡ್ಡ ಹತ್ತಿ ಗುತ್ತಿಗೆಗಳನ್ನು ಒಂದೊಂದಾಗಿ ಮರು ಅಳತೆ ಮಾಡಿದವು. 166 ಗುತ್ತಿಗೆಗಳು ಮೂರು ಗುಂಪುಗಳಾದವು. ಅಕ್ರಮ ಇಲ್ಲದ ಅಥವಾ ನಗಣ್ಯವಾದವು ಎ. ಗುತ್ತಿಗೆಯ ಹೊರಗಿನ ಗುಂಡಿ ಗುತ್ತಿಗೆ ವಿಸ್ತೀರ್ಣದ ಶೇ. 10ರೊಳಗೆ, ಮಣ್ಣಿನ ರಾಶಿ ಶೇ. 15ರೊಳಗೆ ಇದ್ದರೆ ಬಿ. ಅದನ್ನು ಮೀರಿದರೆ ಸಿ, ಅಂದರೆ ಗುತ್ತಿಗೆ ರದ್ದು. ಆಂಧ್ರದ ಗಡಿಗೆ ತಾಗಿದ ಗುತ್ತಿಗೆಗಳು, ಎರಡು ರಾಜ್ಯಗಳ ಗಡಿಯೇ ಅಲ್ಲಿ ತೀರ್ಮಾನವಾಗಿರಲಿಲ್ಲವಾದ್ದರಿಂದ, ಬಿ ಗುಂಪಿನಲ್ಲಿ ಕಾಯುತ್ತ ಕೂತವು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆ ಹೂಡಿದ್ದ ಈ ಪ್ರಕರಣದಲ್ಲಿ 2013ರ ಏಪ್ರಿಲ್ 18ರ ತೀರ್ಪು ಈ ವಿಂಗಡಣೆಯನ್ನು ಒಪ್ಪಿಕೊಂಡಿತು.

ಬಿ ಗುಂಪಿನವರು ಹೊರಗಿನ ಗುಂಡಿಗೆ ಹೆಕ್ಟೇರಿಗೆ 5 ಕೋಟಿ, ರಾಶಿ ಮತ್ತು ರಸ್ತೆಗೆ ಹೆಕ್ಟೇರಿಗೆ 1 ಕೋಟಿ ರೂಪಾಯಿ ಕಟ್ಟಬೇಕಾಯಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಗುಂಡಿಯ ಗುಂಟೆಗೆ ಸುಮಾರು 5 ಲಕ್ಷ. ಬಾಂದು ಕಲ್ಲು ಎಲ್ಲಿತ್ತು ಎಂಬ ಚರ್ಚೆಗೆ ಇಷ್ಟು ಬೆಲೆ ಹಿಂದೆಂದೂ ಬಂದಿರಲಿಲ್ಲ.

ಈ ತೀರ್ಪಿನ ಮಹತ್ವ ದಂಡದಲ್ಲಿಲ್ಲ, ಸೀಮೆ ಎಳೆದ ರೀತಿಯಲ್ಲಿದೆ. ಶೇ. 10 ಮತ್ತು ಶೇ. 15 ಎಂಬ ಅಂಕಿಗಳು ಯಾವ ಕಾಯ್ದೆಯಲ್ಲೂ ಇರಲಿಲ್ಲ, ಯಾವ ನಿಯಮದಲ್ಲೂ ಇರಲಿಲ್ಲ. ಅಳತೆಯ ತಂಡಗಳ ಕೆಲಸದಿಂದ ಹುಟ್ಟಿ, ಸಮಿತಿಯ ಶಿಫಾರಸಿನಿಂದ ನ್ಯಾಯಾಲಯಕ್ಕೆ ಹೋಗಿ ಅವು ಕಾನೂನಿನ ಬಲ ಪಡೆದವು. ಗುತ್ತಿಗೆದಾರರು ತಮ್ಮನ್ನು ಶಾಸನದ ವಿಧಾನದಲ್ಲಿ ವಿಚಾರಿಸಬೇಕಿತ್ತು ಎಂದು ವಾದಿಸಿದರು. ಶಾಸನದ ದಾರಿ ಅಲ್ಲಿಯವರೆಗೆ ಕೆಲಸ ಮಾಡಿರಲಿಲ್ಲ ಎಂಬುದೇ ಅದಕ್ಕೆ ಸಿಕ್ಕ ಉತ್ತರ. ಉತ್ಪಾದನೆಗೆ ಹಾಕಿದ ಮಿತಿಯೂ ಹಾಗೆಯೇ: ಬಳ್ಳಾರಿಗೆ ವರ್ಷಕ್ಕೆ 25 ದಶಲಕ್ಷ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಸೇರಿ 5 ದಶಲಕ್ಷ ಟನ್. 2022ರ ಆಗಸ್ಟ್ ಹೊತ್ತಿಗೆ ಅದು 35 ಮತ್ತು 15 ಆಗಿತ್ತು. ಮಿತಿ ಏರಿಸಲು ಪ್ರತಿ ಬಾರಿಯೂ ನ್ಯಾಯಾಲಯದ ಬಾಗಿಲಿಗೇ ಹೋಗಬೇಕಾಯಿತು.

ಗಾತ್ರದ ಲೆಕ್ಕ ಕಲ್ಲುಗಣಿಗಳಲ್ಲಿ ಇನ್ನೂ ಜಟಿಲ. ಉದಾಹರಣೆಗೆ 100 ಮೀಟರ್ ಉದ್ದ, 60 ಮೀಟರ್ ಅಗಲ, 10 ಮೀಟರ್ ಆಳದ ಗುಂಡಿ ಎಂದಿಟ್ಟುಕೊಳ್ಳೋಣ. 60,000 ಘನ ಮೀಟರ್. ಘನ ಮೀಟರಿಗೆ 2.6 ಟನ್ ಎಂದರೆ 1,56,000 ಟನ್. ಸಾಂದ್ರತೆಯನ್ನು 2.7 ಎಂದು ಹಿಡಿದರೆ 6,000 ಟನ್ ಹೆಚ್ಚುತ್ತದೆ. ಮೇಲಿನ ಒಂದು ಮೀಟರ್ ಬರೀ ಮಣ್ಣಾಗಿತ್ತು ಎಂದು ಗುತ್ತಿಗೆದಾರ ತೋರಿಸಿಕೊಟ್ಟರೆ 15,600 ಟನ್ ಕಡಿಮೆಯಾಗುತ್ತದೆ. ಗುಂಡಿ ತೋಡುವ ಮೊದಲು ನೆಲ ಇದ್ದ ಮಟ್ಟವನ್ನು ಯಾರೂ ಅಳೆದಿರದಿದ್ದರೆ ಈ ಮಾತನ್ನು ಒಪ್ಪುವುದೂ ಕಷ್ಟ, ತಳ್ಳಿಹಾಕುವುದೂ ಕಷ್ಟ. ಮಣ್ಣು ಇನ್ನೆಲ್ಲೋ ಸುರಿದು ಹೋಗಿದೆ, ಕಲ್ಲು ಯಾರದೋ ಮನೆಯ ತಳಪಾಯದಲ್ಲಿದೆ. 1957ರ ಕಾಯ್ದೆಯ 21(5)ನೆಯ ಪ್ರಕರಣ ಅಕ್ರಮವಾಗಿ ತೆಗೆದ ಖನಿಜದ ಬೆಲೆಯನ್ನೂ ವಸೂಲು ಮಾಡಲು ಅವಕಾಶ ಕೊಡುತ್ತದೆ. ಬೆಲೆ ನಿಂತಿರುವುದು ಟನ್ನಿನ ಮೇಲೆ, ಟನ್ನು ನಿಂತಿರುವುದು ಆ ಒಂದು ಮೀಟರಿನ ಮೇಲೆ. ಗುತ್ತಿಗೆ ಕೊಡುವ ದಿನವೇ ನೆಲದ ಮಟ್ಟವನ್ನು ಅಳೆದು ದಾಖಲಿಸುವುದನ್ನು ಕಡ್ಡಾಯ ಮಾಡಿದರೆ ಈ ಬಗೆಯ ವ್ಯಾಜ್ಯಗಳಲ್ಲಿ ದೊಡ್ಡ ಪಾಲು ಹುಟ್ಟುವುದೇ ಇಲ್ಲ. ದೊಡ್ಡ ಗಣಿಗಳಿಗೆ ಪ್ರತಿ ವರ್ಷ ಡ್ರೋನ್ ಅಳತೆ ಬೇಕೆಂದು ಕೇಂದ್ರದ ನಿಯಮಗಳಿಗೆ 2021ರಲ್ಲಿ ತಿದ್ದುಪಡಿಯಾಯಿತು. ಸಣ್ಣ ಕಲ್ಲುಗಣಿಗಳು ಆ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ.

ಇಲಾಖೆಯ ಪರ ವಕೀಲಿಕೆ

ಗಣಿ ಇಲಾಖೆ ತನ್ನ ವಕೀಲರನ್ನು ತಾನೇ ಆರಿಸುವುದಿಲ್ಲ. ಸಂವಿಧಾನದ 165ನೆಯ ವಿಧಿಯಂತೆ ನೇಮಕವಾಗುವ ಅಡ್ವೊಕೇಟ್ ಜನರಲ್, ಅವರ ಕೆಳಗೆ ಹೆಚ್ಚುವರಿ ಅಡ್ವೊಕೇಟ್ ಜನರಲ್‌ಗಳು, ಹೈಕೋರ್ಟಿನ ಸರ್ಕಾರಿ ವಕೀಲರು, ಜಿಲ್ಲೆಗಳಲ್ಲಿ ಜಿಲ್ಲಾ ಸರ್ಕಾರಿ ವಕೀಲರು, ಇವರೆಲ್ಲ ಎಲ್ಲ ಇಲಾಖೆಗಳಿಗೂ ಸೇರಿದವರು. ಕಾನೂನು ಅಧಿಕಾರಿಗಳ ನೇಮಕ ಮತ್ತು ಸೇವಾ ಷರತ್ತುಗಳ 1977ರ ನಿಯಮಗಳು ಈ ವ್ಯವಸ್ಥೆಗೆ ಆಧಾರ. ಆಡಳಿತ ಕಾನೂನು ಇಲಾಖೆಯದು. ಸರ್ಕಾರ ಬದಲಾದಾಗ ವಕೀಲರ ಪಟ್ಟಿಯೂ ಬದಲಾಗುವುದು ವಾಡಿಕೆ. ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿರುವುದರಿಂದ ಮತ್ತು ಕಬ್ಬಿಣದ ಪ್ರಕರಣಗಳು ದೆಹಲಿಯಲ್ಲೇ ನಡೆಯುವುದರಿಂದ ಒಂದೇ ಗುತ್ತಿಗೆಯ ಬಗ್ಗೆ ಮೂರು ಊರುಗಳಲ್ಲಿ ಮೂವರು ವಕೀಲರು ವಾದಿಸುವ ಸಂದರ್ಭಗಳೂ ಬರುತ್ತವೆ.

ಕೆಲಸ ನಡೆಯುವ ಬಗೆ ಹೀಗೆ. ರಿಟ್ ಅರ್ಜಿಯ ಪ್ರತಿ ಇಲಾಖೆಗೆ ಬರುತ್ತದೆ. ಅಲ್ಲಿಂದ ಜಿಲ್ಲಾ ಕಚೇರಿಗೆ. ಅಲ್ಲಿನ ಭೂವಿಜ್ಞಾನಿ ಅರ್ಜಿಯ ಒಂದೊಂದು ಪ್ಯಾರಾಕ್ಕೂ ಷರಾ ಬರೆಯುತ್ತಾರೆ. ಆ ಪ್ಯಾರಾವಾರು ಷರಾ ಕೇಂದ್ರ ಕಚೇರಿಗೆ, ಅಲ್ಲಿಂದ ವಕೀಲರಿಗೆ ಹೋಗಿ ಆಕ್ಷೇಪಣಾ ಹೇಳಿಕೆಯಾಗಿ, ಸಹಿಗೆ ತಿರುಗಿ ಬರುತ್ತದೆ. ಶಿಲೆಯ ಬಗ್ಗೆ ತಿಳಿದವರು ಕಾನೂನಿನ ಭಾಷೆಯಲ್ಲಿ ಬರೆಯಬೇಕು, ಕಾನೂನು ತಿಳಿದವರು ಶಿಲೆಯ ಬಗ್ಗೆ ವಾದಿಸಬೇಕು. ನಡುವೆ ಕೂತು ಇಬ್ಬರಿಗೂ ಅರ್ಥ ಮಾಡಿಸುವ ಹುದ್ದೆಯೊಂದು ಗಟ್ಟಿಯಾಗಿ ಬೆಳೆದಿಲ್ಲ. ಕಂಪನಿಯ ಕಡೆಯಲ್ಲಿ ಅಂಥವರು ಇರುತ್ತಾರೆ. ಕಡತ ಮೇಜಿನಿಂದ ಮೇಜಿಗೆ ಹೋಗಿದ್ದೇ ವಿಳಂಬಕ್ಕೆ ಕಾರಣ ಎಂದರೆ ಅದನ್ನು ಇನ್ನು ಮುಂದೆ ಸುಮ್ಮನೆ ಒಪ್ಪಲಾಗದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಅಂಚೆ ಇಲಾಖೆಯ ಪ್ರಕರಣವೊಂದರಲ್ಲಿ ಹೇಳಿದ್ದು ಎಲ್ಲ ಸರ್ಕಾರಿ ಇಲಾಖೆಗಳಿಗೂ ಅನ್ವಯಿಸುತ್ತದೆ.

ನಿಗಮಗಳ ಸ್ಥಿತಿ ಬೇರೆ. 1966ರಲ್ಲಿ ಸ್ಥಾಪನೆಯಾದ, ಈಗ ಹೆಸರು ಬದಲಾಗಿರುವ ಮೈಸೂರು ಮಿನರಲ್ಸ್‌ನಂಥ ಕಂಪನಿಗಳು ತಮ್ಮದೇ ವಕೀಲರನ್ನು ಇಟ್ಟುಕೊಳ್ಳಬಲ್ಲವು. ನಿಯಂತ್ರಿಸುವ ಇಲಾಖೆಗೆ ಇಲ್ಲದ ಸೌಲಭ್ಯ ಅದು ನಿಯಂತ್ರಿಸುವ ಸರ್ಕಾರಿ ಕಂಪನಿಗೆ ಇರುವುದು ವಿಚಿತ್ರವೇ.

ಪರಿಣತ ಅಭಿಪ್ರಾಯಕ್ಕೆ ಹೊರಗಿನವರನ್ನು ನಂಬುವುದೂ ಇದರ ಇನ್ನೊಂದು ಮುಖ. ಶ್ರೀರಂಗಪಟ್ಟಣ, ಪಾಂಡವಪುರ ಭಾಗದ ಬೇಬಿ ಬೆಟ್ಟದ ಗಣಿಗಳಿಂದ ಕೃಷ್ಣರಾಜಸಾಗರ ಅಣೆಕಟ್ಟಿಗೆ ಅಪಾಯವಿದೆಯೇ ಎಂದು ತಿಳಿಯಲು ಪ್ರಾಯೋಗಿಕ ಸ್ಫೋಟ ನಡೆಸುವ ಮಾತು ಬಂದಾಗ ರೈತರು ಪ್ರತಿಭಟಿಸಿದರು. 2024ರ ಜನವರಿಯಲ್ಲಿ ಹೈಕೋರ್ಟ್, 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯಡಿ ತಜ್ಞರ ಅಧ್ಯಯನ ಆಗುವವರೆಗೆ ಅಣೆಕಟ್ಟಿನ 20 ಕಿಲೋಮೀಟರ್ ಸುತ್ತ ಗಣಿಗಾರಿಕೆ ಬೇಡ ಎಂದಿತು. ಇಲ್ಲಿಯೂ ದೂರವನ್ನು ಹೇಳಿದ್ದು ಗಣಿ ಕಾನೂನಲ್ಲ.

ದೂರು

1957ರ ಗಣಿ ಕಾಯ್ದೆಯ 21ನೆಯ ಪ್ರಕರಣದಂತೆ ಅಕ್ರಮ ಗಣಿಗಾರಿಕೆಗೆ 2015ರ ನಂತರ ಐದು ವರ್ಷದವರೆಗೆ ಸಜೆ, ಹೆಕ್ಟೇರಿಗೆ 5 ಲಕ್ಷ ರೂಪಾಯಿವರೆಗೆ ದಂಡ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ. ಆದರೆ 22ನೆಯ ಪ್ರಕರಣದಂತೆ ಅಧಿಕಾರ ಪಡೆದವರ ಲಿಖಿತ ದೂರಿಲ್ಲದೆ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಈ ಎರಡರ ನಡುವಿನ ಸಂದಿಯಲ್ಲಿ ಎಷ್ಟೋ ಪ್ರಕರಣಗಳು ಬಿದ್ದುಹೋದವು: ಪೊಲೀಸರು ಲಾರಿ ಹಿಡಿದು ಎಫ್‌ಐಆರ್ ಹಾಕಿ ಆರೋಪಪಟ್ಟಿ ಸಲ್ಲಿಸುತ್ತಾರೆ, ಭೂವಿಜ್ಞಾನಿಯ ದೂರು ಕಡತದಲ್ಲಿ ಇರುವುದಿಲ್ಲ, ಹೈಕೋರ್ಟಿನಲ್ಲಿ ಪ್ರಕರಣ ರದ್ದಾಗುತ್ತದೆ. 2014ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ನೆಲದಿಂದ ಮರಳು ತೆಗೆಯುವುದು ಕಳವೂ ಹೌದು, ಕಳವಿನ ಮಟ್ಟಿಗೆ ಪೊಲೀಸರ ವರದಿಯೇ ಸಾಕು ಎಂದಿತು. 2020ರ ಡಿಸೆಂಬರಿನ ಇನ್ನೊಂದು ತೀರ್ಪು ದಂಡ ಕಟ್ಟಿ ರಾಜಿಯಾದರೆ ಗಣಿ ಕಾಯ್ದೆಯ ಅಪರಾಧ ಮುಗಿಯುತ್ತದೆ, ಕಳವಿನ ಆರೋಪ ಮುಗಿಯುವುದಿಲ್ಲ ಎಂದು ಸ್ಪಷ್ಟಪಡಿಸಿತು.

ಅಂತರ್ಜಲ, ತೆರಿಗೆ

ಹಿಂದೆ ಇದೇ ಇಲಾಖೆಯಲ್ಲಿದ್ದ ಅಂತರ್ಜಲದ ಕೆಲಸ ಈಗ ಪ್ರತ್ಯೇಕ ನಿರ್ದೇಶನಾಲಯದ್ದು. ಕುಡಿಯುವ ನೀರಿನ ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಬಾವಿ ತೋಡಲು ಅನುಮತಿ ಬೇಕೆಂಬ 1999ರ ಕಾಯ್ದೆ, ಅಂತರ್ಜಲ ಪ್ರಾಧಿಕಾರವನ್ನು ಸ್ಥಾಪಿಸಿದ 2011ರ ಕಾಯ್ದೆ ಇವೆರಡೂ ರಾಜ್ಯದ್ದೇ ಶಾಸನಗಳು. ನೀರು ರಾಜ್ಯ ಪಟ್ಟಿಯಲ್ಲಿರುವುದರಿಂದ ಇಲ್ಲಿ ರಾಜ್ಯದ ಕೈ ಕಟ್ಟಿರಲಿಲ್ಲ.

ರಾಜಧನ ತೆರಿಗೆಯಲ್ಲ, ಖನಿಜ ಹಕ್ಕುಗಳ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಜುಲೈ 25ರಂದು 8:1ರ ಬಹುಮತದಿಂದ ತೀರ್ಪು ಕೊಟ್ಟಿತು. ಭಿನ್ನಮತ ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ. ಅದೇ ವರ್ಷದ ಡಿಸೆಂಬರಿನಲ್ಲಿ ರಾಜ್ಯ ವಿಧಾನಮಂಡಲ ಖನಿಜ ಹಕ್ಕು ಮತ್ತು ಖನಿಜವಿರುವ ಭೂಮಿಯ ತೆರಿಗೆ ಮಸೂದೆಯನ್ನು ಅಂಗೀಕರಿಸಿತು.

ಹೊರನಾಡಿನ ಮಾದರಿ

ಅಮೆರಿಕದ ರಾಜ್ಯಗಳಲ್ಲಿ ಭೂವಿಜ್ಞಾನ ಸೇವೆ ಶಾಸನದಿಂದಲೇ ಹುಟ್ಟುವುದು ರೂಢಿ. ಕ್ಯಾಲಿಫೋರ್ನಿಯಾ 1860ರ ಕಾನೂನಿನ ಮೂಲಕ ಜೊಸಾಯ ವಿಟ್ನಿಯನ್ನು ರಾಜ್ಯ ಭೂವಿಜ್ಞಾನಿಯನ್ನಾಗಿ ನೇಮಿಸಿತು. ಟೆಕ್ಸಸ್‌ನ ಸಂಸ್ಥೆ 1909ರಿಂದ ಅಲ್ಲಿನ ವಿಶ್ವವಿದ್ಯಾಲಯದ ಅಂಗ. ಸಮೀಕ್ಷೆ ಒಂದು ಕಡೆ, ಪರವಾನಗಿ ಮತ್ತು ದಂಡ ಇನ್ನೊಂದು ಕಡೆ ಎಂಬ ವಿಂಗಡಣೆ ಅಲ್ಲಿ ಹೆಚ್ಚು ಸ್ಪಷ್ಟ. ಇಲಾಖೆಗಳ ಪರ ವಾದಿಸುವವರು ಸಾಮಾನ್ಯವಾಗಿ ರಾಜ್ಯದ ಅಟಾರ್ನಿ ಜನರಲ್. ಇಲಾಖೆ ತನ್ನದೇ ವಕೀಲರನ್ನು ಇಟ್ಟುಕೊಳ್ಳಬೇಕಾದರೆ ಬಹುತೇಕ ಕಡೆ ಶಾಸನದ ಅನುಮತಿ ಬೇಕು.

ತಜ್ಞ ಸಾಕ್ಷ್ಯ

ನ್ಯಾಯಾಲಯದಲ್ಲಿ ಭೂವಿಜ್ಞಾನಿಯ ಅಭಿಪ್ರಾಯ ತಜ್ಞನ ಅಭಿಪ್ರಾಯವಾಗಿ ಸಲ್ಲುತ್ತದೆ. ಆದರೆ ಅಳತೆ ಮಾಡಿ ವರದಿ ಬರೆದವರು ವರ್ಗವಾಗಿ ಬೀದರಿನಲ್ಲಿದ್ದರೂ, ನಿವೃತ್ತರಾಗಿದ್ದರೂ ಕಟಕಟೆಗೆ ಬರಬೇಕು. ಕೆಲವು ಸರ್ಕಾರಿ ತಜ್ಞರಿಗೆ ಇದರಿಂದ ವಿನಾಯಿತಿ ಇದೆ. ಅವರ ವರದಿ, ಅವರು ಖುದ್ದಾಗಿ ಬಾರದಿದ್ದರೂ, ಸಾಕ್ಷ್ಯವಾಗುತ್ತದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 293ನೆಯ ಪ್ರಕರಣದಲ್ಲಿ ಈ ಪಟ್ಟಿ ಇತ್ತು: ರಾಸಾಯನಿಕ ಪರೀಕ್ಷಕ, ಸ್ಫೋಟಕಗಳ ಮುಖ್ಯ ನಿಯಂತ್ರಕ, ಬೆರಳಚ್ಚು ಬ್ಯೂರೊ ನಿರ್ದೇಶಕ, ವಿಧಿವಿಜ್ಞಾನ ಪ್ರಯೋಗಾಲಯದ ಅಧಿಕಾರಿಗಳು, ರಕ್ತಪರೀಕ್ಷಕ ಇತ್ಯಾದಿ. ಸ್ಫೋಟಕ್ಕೆ ತಜ್ಞರಿದ್ದರು, ಸ್ಫೋಟವಾದ ಬಂಡೆಗೆ ಇರಲಿಲ್ಲ. ಪಟ್ಟಿಗೆ ಹೊಸ ಹೆಸರು ಸೇರಿಸುವ ಅಧಿಕಾರ ಕೇಂದ್ರಕ್ಕೆ ಮಾತ್ರ ಇತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 329ನೆಯ ಪ್ರಕರಣದಲ್ಲಿ ಹೆಸರಿಸಿದ ತಜ್ಞರಲ್ಲೂ ಭೂವಿಜ್ಞಾನಿ ಇಲ್ಲ, ಆದರೆ ಸೇರಿಸುವ ಅಧಿಕಾರ ಈಗ ರಾಜ್ಯ ಸರ್ಕಾರಕ್ಕೂ ಇದೆ. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಸದನದ ಒಪ್ಪಿಗೆ ಬೇಕಿಲ್ಲ. ರಾಜ್ಯಪತ್ರದಲ್ಲಿ ಒಂದು ಅಧಿಸೂಚನೆ ಸಾಕು.